ಸಾಮಾನಿನ ಇಂಗ್ಲಿಷ್ ಚೀಟಿ

ಮನೆಯಲ್ಲಿ ಬಾಣಂತಿಯಿರುವಾಗ ಸಾಮಾನಿನ ಚೀಟಿ ಉದ್ದವಾಗುವುದು ಸಹಜ. ಮುಂಬಯಿಯ ನಮ್ಮ ಮನೆಯಲ್ಲಿ ಅಂಥ ಪ್ರಸಂಗ ಬಂದಾಗ, ಧಾರವಾಡದಿಂದ ಬಂದಿದ್ದ ಅಜ್ಜಿ ಐದು ಪದಾರ್ಥಗಳನ್ನು ಬರೆಸಿದರು: ಅಜವಾನ, ಅಳವಿ, ಗುರೆಳ್ಳು, ಬಜೆ, ಸಬ್ಬಸಿಗೆ ಸೊಪ್ಪು. ಬರೆದುಕೊಂಡವರು ನಾವು. ಅಂಗಡಿಯವನಿಗೆ ಕನ್ನಡ ತಿಳಿಯದು. ನಮ್ಮ ಮರಾಠಿಯೋ ಬಸ್ಸಿನ ಟಿಕೀಟು ಕೊಳ್ಳುವುದಕ್ಕಷ್ಟೇ ಸಾಲುವಂಥದು. ಆದ್ದರಿಂದ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿಯೇ ಬರೆಯೋಣವೆಂದು ನಿಘಂಟು ತೆರೆದು ಕುಳಿತೆವು. ಅರ್ಧ ಗಂಟೆಯ ಶ್ರಮದಿಂದ ಸಿದ್ಧವಾದ ಚೀಟಿ ಹೀಗಿತ್ತು: ಬಿಷಪ್ಸ್ ವೀಡ್, ಗಾರ್ಡನ್ ಕ್ರೆಸ್, ನೈಜರ್ ಸೀಡ್, ಸ್ವೀಟ್ ಫ್ಲ್ಯಾಗ್, ಡಿಲ್.

ಅಂಗಡಿಯವನು ಚೀಟಿಯನ್ನು ಓದಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ. ಕೊನೆಗೆ, ಇವು ಔಷಧದ ಅಂಗಡಿಯಲ್ಲಿ ಸಿಕ್ಕಾವು ಎಂದು ಬಹಳ ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. ಔಷಧದ ಅಂಗಡಿಯವನು ನಮ್ಮನ್ನು ಬಾವುಟ ಮಾರುವವರ ಬಳಿಗೆ ಕಳುಹಿಸಲಿಲ್ಲವೆಂಬುದೇ ನಮ್ಮ ಪುಣ್ಯ.

ಮರುದಿನ ಅಜ್ಜಿಯೇ ಹೊರಟರು. ಅವರಿಗೆ ಇಂಗ್ಲಿಷು ಬಾರದು, ಚೀಟಿಯೂ ಬೇಕಿರಲಿಲ್ಲ. ಅಜವಾನವೆಂದ ಕೂಡಲೆ ಅಂಗಡಿಯವನು ಡಬ್ಬಿಗೆ ಕೈ ಹಾಕಿದ. ಮರಾಠಿಯಲ್ಲಿ ಅದಕ್ಕೆ ಓವಾ ಎಂದೂ ಹೆಸರು. ಮೈಸೂರಿನ ಕಡೆಯ ಓಮಕ್ಕೆ ಎಷ್ಟು ಹತ್ತಿರ ನೋಡಿರಿ! ನಮ್ಮ ಅಳವಿ ಅವನಿಗೆ ಅಳೀವ. ಗುರೆಳ್ಳಿಗೆ ಮಾತ್ರ ತುಸು ತಡವಾಯಿತು. ಎಳ್ಳಿಗಿಂತ ಉದ್ದ, ಕರ್ರಗೆ ಹೊಳೆಯುತ್ತದೆ, ಚಟ್ನಿಪುಡಿ ಮಾಡುತ್ತಾರೆ ಎಂದು ಅಜ್ಜಿ ಬೆರಳ ತುದಿಯಲ್ಲಿ ತೋರಿಸಿದೊಡನೆ ‘ಕಾರಳೆ’ ಎಂದು ತೆಗೆದುಕೊಟ್ಟ. ಬಜೆ ಅಲ್ಲಿ ವೇಖಂಡ. ಸೊಪ್ಪು ಪಕ್ಕದ ತರಕಾರಿಯವಳ ಬುಟ್ಟಿಯಲ್ಲಿ ಶೇಪು ಎಂಬ ಹೆಸರಿನಿಂದ ಕುಳಿತಿತ್ತು. ಐದಕ್ಕೆ ಐದೂ ನಮ್ಮ ಮನೆಯಿಂದ ನೂರು ಹೆಜ್ಜೆಯೊಳಗೇ ಇದ್ದವು.

ಇಂಗ್ಲಿಷು ನಮ್ಮೆಲ್ಲರ ನಡುವಿನ ಸೇತುವೆ ಎಂಬ ಮಾತು ಕಚೇರಿಯ ಮಟ್ಟಿಗೆ ನಿಜವಿರಬಹುದು. ಅಡಿಗೆಮನೆಯ ಮಟ್ಟಿಗೆ ಅದು ಅರ್ಧ ಕಟ್ಟಿ ಬಿಟ್ಟ ಸೇತುವೆ. ಬಿಷಪ್ಸ್ ವೀಡ್ ಎಂಬ ಹೆಸರಿನ ಬೇರೆ ಗಿಡಗಳು ಯುರೋಪಿನಲ್ಲಿವೆ. ಸೋಂಪಿನ ಪೊಟ್ಟಣದ ಮೇಲೆ ಒಬ್ಬ ವ್ಯಾಪಾರಿ ಫೆನೆಲ್ ಎಂದು ಅಚ್ಚು ಹಾಕಿಸಿದರೆ ಇನ್ನೊಬ್ಬ ಅನಿಸೀಡ್ ಎಂದು ಹಾಕಿಸುತ್ತಾನೆ. ಇವೆರಡು ನಿಜವಾಗಿ ಬೇರೆ ಬೇರೆ ಗಿಡಗಳು. ಬ್ಲ್ಯಾಕ್ ಕ್ಯುಮಿನ್ ಎಂದರೆ ಶಾಹಿ ಜೀರಿಗೆಯೂ ಆಗಬಹುದು, ಕಲೋಂಜಿಯೂ ಆಗಬಹುದು. ಇನ್ನು ಗ್ರಾಮ್ ಎಂಬ ಮಾತು ಇಂಗ್ಲಿಷರಿಗೆ ಪೋರ್ತುಗೀಸರಿಂದ ಬಂದದ್ದು. ಅವರಲ್ಲಿ ಅದರ ಅರ್ಥ ಬರಿಯ ಕಾಳು. ಆ ಒಂದು ಮಾತಿಗೆ ಬಂಗಾಳ, ಕುದುರೆ, ಹಸುರು, ಕಪ್ಪು, ಕೆಂಪು ಎಂದು ಬಾಲ ಕಟ್ಟಿ ನಮ್ಮ ಕಡಲೆ, ಹುರುಳಿ, ಹೆಸರು, ಉದ್ದು, ತೊಗರಿಗಳನ್ನೆಲ್ಲ ಮುಗಿಸಿಬಿಟ್ಟರು.

ಹೆಸರಿನ ತೊಡಕು ಇಂಗ್ಲಿಷಿನದೊಂದೇ ಎಂದರೆ ಅನ್ಯಾಯವಾದೀತು. ಧಾರವಾಡದ ಗುರೆಳ್ಳು ಮೈಸೂರಿನ ಸೊಸೆಗೆ ಹುಚ್ಚೆಳ್ಳು. ನಮ್ಮ ಪರಿಚಯದ ತರುಣರೊಬ್ಬರು ಅದನ್ನು ‘ಮ್ಯಾಡ್ ಸೆಸಮಿ’ ಎಂದು ಅನುವಾದಿಸಿ ಕೇಳಿ ಬರಿಗೈಯಲ್ಲಿ ಬಂದದ್ದುಂಟು. ಇಥಿಯೋಪಿಯ ಮೂಲದ ಈ ಕಾಳನ್ನು ಅಮೆರಿಕದಲ್ಲಿ ಪುಟ್ಟ ಹಕ್ಕಿಗಳಿಗೆ ಹಾಕುತ್ತಾರೆ. ರೊಟ್ಟಿಯ ಜೊತೆಗೆ ಅದರ ಹಿಂಡಿ ತಿಂದು ಬೆಳೆದ ನಾವು ಇದನ್ನು ಅಜ್ಜಿಗೆ ಹೇಳುವ ಧೈರ್ಯ ಮಾಡಲಿಲ್ಲ. ಹಿಂದಿಯಲ್ಲಿ ಅದು ರಾಮತಿಲ. ದಿಲ್ಲಿಯ ಕುಟುಂಬಗಳು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ಸಬ್ಬಸಿಗೆಗೆ ಸೋಯಾ ಎನ್ನುತ್ತಾರೆ, ಸೋಯಾ ಅವರೆಗೂ ಅದಕ್ಕೂ ಯಾವ ನಂಟೂ ಇಲ್ಲ. ಹುರುಳಿಯನ್ನು ಚೆನ್ನೈಯಲ್ಲಿ ಕೊಳ್ಳು ಎಂದು, ಹೈದರಾಬಾದಿನಲ್ಲಿ ಉಲವಲು ಎಂದು, ಪುಣೆಯಲ್ಲಿ ಕುಳೀಥ ಎಂದು ಕೇಳಿದರೆ ಯಾರೂ ಕುದುರೆಯ ಸುದ್ದಿಯೆತ್ತದೆ ಅಳೆದು ಕೊಡುತ್ತಾರೆ.

ಸಾಮಾನು ಸಿಗದಿದ್ದರೆ ಒಂದು ದಿನದ ಅಡಿಗೆ ಕೆಟ್ಟೀತು, ಅಷ್ಟೆ. ಆದರೆ ಅವರೆಯ ವಿಷಯ ಅಷ್ಟು ಹಗುರವಲ್ಲ. ನಮ್ಮ ಸಂಘದ ಪರಿಚಯದ ಮನೆಯೊಂದರಲ್ಲಿ ಮಗುವಿನ ರಕ್ತ ಪರೀಕ್ಷಿಸಿದಾಗ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಕಂಡುಬಂತು. ಈ ಕೊರತೆಯುಳ್ಳವರು ಒಂದು ಜಾತಿಯ ಕಾಳನ್ನು ತಿಂದರೆ ರಕ್ತದ ಕೆಂಪು ಕಣಗಳು ಒಡೆದು ಜೀವಕ್ಕೇ ಅಪಾಯವಾಗಬಹುದು. ಕೈಗೆ ಕೊಟ್ಟ ಕಾಗದದಲ್ಲಿ ‘ಬ್ರಾಡ್ ಬೀನ್ಸ್ ವರ್ಜ್ಯ’ ಎಂದಿತ್ತು. ನಮ್ಮ ತರಕಾರಿ ಪಟ್ಟಿಗಳಲ್ಲಿ ಬ್ರಾಡ್ ಬೀನ್ಸ್ ಎಂದರೆ ಚಪ್ಪರದವರೆ! ಆ ಮನೆಯಲ್ಲಿ ಅವರೆಕಾಳು ನಿಂತಿತು. ಚಳಿಗಾಲದ ಹಿತಕವರೆಯೂ ನಿಂತಿತು. ಅಷ್ಟಕ್ಕೇ ನಿಂತಿದ್ದರೆ ನಷ್ಟವಿರಲಿಲ್ಲ. ಒಂದು ದಿನ ಉತ್ತರದ ನೆರೆಯವರು ತಮ್ಮಲ್ಲಿ ಬಾಕಲಾ ಎನ್ನುವ ಕಾಯಿಯ ಪಲ್ಯವನ್ನು ಪ್ರೀತಿಯಿಂದ ಕಳುಹಿಸಿದರು. ಹೆಸರು ಬೇರೆಯಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕಾಗದದಲ್ಲಿ ಹೇಳಿದ್ದ ಕಾಳು ನಿಜವಾಗಿ ಅದೇ. ದೈವವಶಾತ್ ಆ ಹೊತ್ತಿಗೆ ಮಗು ಮಲಗಿತ್ತು. ಬಟ್ಟಲು ಹಾಗೇ ಉಳಿಯಿತು. ಮರುವಾರ ವೈದ್ಯರ ಮುಂದೆ ಎರಡು ಕಾಯಿಗಳನ್ನೂ ಇಟ್ಟು ಕೇಳಿದಾಗಲೇ ಗುಟ್ಟು ತಿಳಿದದ್ದು.

ಸಸ್ಯಶಾಸ್ತ್ರಜ್ಞರು ಇಂಥ ಗೊಂದಲಕ್ಕೆಂದೇ ಲ್ಯಾಟಿನ್ ಹೆಸರುಗಳನ್ನು ಇಟ್ಟಿದ್ದಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಎರಡು ಪದಗಳ ಪದ್ಧತಿ ನೆಲೆನಿಂತಿತು. ಆ ಪ್ರಕಾರ ಅಪಾಯದ ಕಾಳು ವಿಸಿಯಾ ಫಾಬಾ. ನಮ್ಮ ಅವರೆ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಶಾಸ್ತ್ರಜ್ಞರೂ ಆಗಾಗ ಹೆಸರು ಬದಲಾಯಿಸುತ್ತಾರೆ, ಅವರೆಯನ್ನೇ ಮೊದಲು ಡಾಲಿಕಾಸ್ ಎನ್ನುತ್ತಿದ್ದರು. ಆದರೂ ಹಳೆಯದು ಯಾವುದು, ಹೊಸದು ಯಾವುದು ಎಂಬ ಲೆಕ್ಕ ಇಟ್ಟಿರುತ್ತಾರೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅನೇಕ ಗಿಡಮರಗಳ ಕನ್ನಡ ಹೆಸರಿನ ಎದುರಿಗೆ ಲ್ಯಾಟಿನ್ ಹೆಸರು ಉಂಟು. ವೈದ್ಯರ ಬಳಿಗೆ ಹೋಗುವಾಗ ಇದು ಉಪಯೋಗಕ್ಕೆ ಬರುತ್ತದೆ. ಅಂಗಡಿಯಲ್ಲಿ ಲ್ಯಾಟಿನ್ ಆಡಿದರೆ ಏನಾದೀತೆಂಬುದನ್ನು ನಾವು ಪರೀಕ್ಷಿಸಿ ನೋಡಿಲ್ಲ.

ಅಂಗಡಿಗೆ ನಾವು ಈಗ ಮಾಡುವುದು ಇಷ್ಟೆ. ಊರಿಗೆ ಹೋದಾಗ ಪ್ರತಿಯೊಂದು ಕಾಳಿನ ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ತರುತ್ತೇವೆ. ಕೈಫೋನಿನ ಚಿತ್ರಕ್ಕಿಂತ ಇದು ಮೇಲು. ಅಜವಾನವನ್ನು ಚಿತ್ರದಲ್ಲಿ ನೋಡಿದವನು ಜೀರಿಗೆ ಕೊಟ್ಟಾನು, ಬೆರಳಲ್ಲಿ ತಿಕ್ಕಿ ಮೂಸಿದವನು ಕೊಡಲಾರ. ಪೊಟ್ಟಣದ ಮೇಲೆ ಮೊದಲು ಕನ್ನಡದ ಹೆಸರು, ಅದರ ಕೆಳಗೆ ಇಲ್ಲಿಯ ಹೆಸರು ಬರೆಯುತ್ತೇವೆ. ಬರೆಯುವ ಕೆಲಸ ಮಕ್ಕಳದು. ಕನ್ನಡ ಅಕ್ಷರ ಕಲಿಯುತ್ತಿರುವ ಕಿರಿಯವಳು ಅಳವಿಯನ್ನು ‘ಅಲವಿ’ ಎಂದು ಬರೆದಿದ್ದಾಳೆ. ತಿದ್ದಲಿಲ್ಲ, ಅಜ್ಜಿ ಬಂದಾಗ ತಿದ್ದಲೆಂದು ಬಿಟ್ಟಿದ್ದೇವೆ.

ಅಂದು ತಂದ ಬಜೆಯ ಕತೆಯೊಂದು ಉಳಿಯಿತು. ತೇಯ್ದು ಮಗುವಿನ ನಾಲಗೆಗೆ ಹಚ್ಚಬೇಕೆಂದು ಅಜ್ಜಿ, ಕೂಡದೆಂದು ಮಕ್ಕಳ ವೈದ್ಯರು. ಅಮೆರಿಕದಲ್ಲಿ 1968ರಿಂದ ಅದನ್ನು ಆಹಾರದಲ್ಲಿ ಸೇರಿಸುವುದನ್ನೇ ನಿಷೇಧಿಸಿದ್ದಾರೆ. ಅದರಲ್ಲಿರುವ ಬೀಟಾ ಅಸರೋನ್ ಎಂಬ ವಸ್ತು ಅದಕ್ಕೆ ಕಾರಣ. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ, ಹುಳು ಬಾರದಿರಲೆಂದು ಉಣ್ಣೆಯ ಬಟ್ಟೆಗಳ ಪೆಟ್ಟಿಗೆಯಲ್ಲಿ ಇಟ್ಟರು. ಈಗಲೂ ಪೆಟ್ಟಿಗೆ ತೆರೆದರೆ ಅದರ ವಾಸನೆ ಬರುತ್ತದೆ.