ರೇಷ್ಮೆ ಎಳೆಯ ಅಗಲದಲ್ಲಿ ಹನ್ನೊಂದು ಸಾವಿರ ಸ್ವಿಚ್ಚು

ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷದ ತುಂಬು ಬಾಳು ಬಾಳಿದವರು. ಆ ನೂರು ವರ್ಷವನ್ನು ಸೆಕೆಂಡಿನ ಲೆಕ್ಕಕ್ಕೆ ಇಳಿಸಿದರೆ ಸುಮಾರು 315 ಕೋಟಿ ಆಗುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರಿಗೆಂದು ಇವತ್ತು ಅಂಗಡಿಯಲ್ಲಿ ಸಿಗುವ ಮೇಲ್ದರ್ಜೆಯ ಪ್ರೊಸೆಸರ್ ಒಂದೇ ಸೆಕೆಂಡಿನಲ್ಲಿ 570 ಕೋಟಿ ಸಲ ಮಿಡಿಯಬಲ್ಲದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಆ ಮಹಾನುಭಾವರು ಬದುಕಿದ ಪ್ರತಿ ಸೆಕೆಂಡಿಗೂ ಒಂದೊಂದು ಮಿಡಿತ ಎತ್ತಿಟ್ಟರೂ, ಅರ್ಧ ಸೆಕೆಂಡು ದಾಟಿ ಸ್ವಲ್ಪ ಹೊತ್ತಿಗೇ ಇಡೀ ಶತಮಾನ ಮುಗಿದುಹೋಗುತ್ತದೆ.

ಮುದ್ದೇನಹಳ್ಳಿ ಇರುವ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲೇ ಕಳವಾರ ಇದೆ. ಅದರ ಬೆನ್ನಿಗೆ ಸುಮಾರು 1,450 ಮೀಟರ್ ಎತ್ತರದ ಕಳವಾರ ಬೆಟ್ಟ. ಸ್ಕಂದಗಿರಿ ಎಂದರೆ ಬೆಂಗಳೂರಿನವರಿಗೆ ಬೇಗ ಗೊತ್ತಾಗುತ್ತದೆ. ವಾರಾಂತ್ಯದ ನಸುಕಿನಲ್ಲಿ ಮೋಡದ ಮೇಲೆ ಸೂರ್ಯ ಏಳುವುದನ್ನು ನೋಡಲು ಹತ್ತಿ ಬರುವವರಲ್ಲಿ ಬೆಂಗಳೂರಿನ ಕಂಪ್ಯೂಟರ್ ಉದ್ಯೋಗಿಗಳೂ ಬಹಳ. ಆ ತುದಿಯಿಂದ ಬೆಂಗಳೂರು ಹಕ್ಕಿಯ ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಬೆಳಕು ಅಷ್ಟು ದೂರ ಓಡುವಷ್ಟರಲ್ಲಿ ಈ ಪ್ರೊಸೆಸರ್ ಒಂಬತ್ತು ಲಕ್ಷಕ್ಕೂ ಹೆಚ್ಚು ಸಲ ಮಿಡಿದಿರುತ್ತದೆ. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಬೆಳಕು ಸಾಗುವುದು 5.26 ಸೆಂಟಿಮೀಟರ್ ಮಾತ್ರ. ಎಎಂಡಿ ಕಂಪನಿಯ ಇಂಥ ಪ್ರೊಸೆಸರಿನ ಹೊರಮೈ 4 ಸೆಂಟಿಮೀಟರ್ ಚೌಕ. ಲೋಕದಲ್ಲಿ ಅತ್ಯಂತ ವೇಗದ ವಸ್ತು ಆ ಬಿಲ್ಲೆಯನ್ನು ಒಂದು ಸಲ ದಾಟಿ ಚೂರು ಮುಂದೆ ಹೋಗುವಷ್ಟರಲ್ಲಿ ಮುಂದಿನ ಮಿಡಿತ ಬಂದಾಗಿರುತ್ತದೆ. ಪ್ರೊಸೆಸರುಗಳ ವೇಗ ಏಕೆ ಇನ್ನು ಸುಲಭವಾಗಿ ಏರುತ್ತಿಲ್ಲ ಎನ್ನುವವರಿಗೆ ಉತ್ತರದ ಒಂದು ಭಾಗ ಇಲ್ಲೇ ಇದೆ. ಬೆಳಕಿಗೇ ಹೊತ್ತು ಸಾಲದಾಗಿದೆ.

ಈಗ ಎಣಿಕೆಗೆ ಬರೋಣ. 2024ರ ಆಗಸ್ಟಿನಲ್ಲಿ ಎಎಂಡಿ ಬಿಡುಗಡೆ ಮಾಡಿದ ರೈಜೆನ್ 9 9950ಎಕ್ಸ್ ಒಳಗೆ ಮೂರು ಸಿಲಿಕಾನ್ ಚೂರುಗಳಿವೆ. ಲೆಕ್ಕ ಮಾಡುವ ಚೂರುಗಳು ಎರಡು. ಒಂದೊಂದರಲ್ಲೂ 831 ಕೋಟಿಗೆ ಮೇಲ್ಪಟ್ಟು ಟ್ರಾನ್ಸಿಸ್ಟರುಗಳು. ಹೊರಗಿನೊಡನೆ ವ್ಯವಹರಿಸುವ ಮೂರನೆಯದರಲ್ಲಿ 340 ಕೋಟಿ. ಒಟ್ಟು ಎರಡು ಸಾವಿರ ಕೋಟಿ. ಟ್ರಾನ್ಸಿಸ್ಟರ್ ಎಂದರೆ ವಿದ್ಯುತ್ತನ್ನು ಬಿಡುವ, ತಡೆಯುವ ಒಂದು ಸ್ವಿಚ್ಚು. ಸೆಕೆಂಡಿಗೊಂದರಂತೆ ಇವನ್ನು ಎಣಿಸಿ ಇವತ್ತು ಮುಗಿಸಬೇಕಿದ್ದರೆ ಸುಮಾರು 630 ವರ್ಷದ ಹಿಂದೆ, ವಿಜಯನಗರದಲ್ಲಿ ಎರಡನೇ ಹರಿಹರ ಆಳುತ್ತಿದ್ದಾಗಲೇ ಶುರುಮಾಡಬೇಕಿತ್ತು, ಹಗಲಿರುಳು ಬಿಡದೆ. 2011ರ ಜನಗಣತಿಯ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯ ಜನ 12.55 ಲಕ್ಷ. ಅಷ್ಟೂ ಮಂದಿಗೆ ಹಂಚಿದರೆ ತಲೆಗೆ ಹದಿನಾರು ಸಾವಿರ ಸ್ವಿಚ್ಚು, ಅದೂ ಒಂದೇ ಪ್ರೊಸೆಸರಿನಿಂದ.

ಇಷ್ಟೆಲ್ಲ ಎಷ್ಟು ಜಾಗದಲ್ಲಿ ಕೂತಿದೆ ಎಂಬುದನ್ನು ಕಾಣಬೇಕಾದರೆ ಶಿಡ್ಲಘಟ್ಟಕ್ಕೆ ಹೋಗಬೇಕು. ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವ ಒಂದು ಒಳ್ಳೆಯ ದ್ವಿತಳಿ ಗೂಡನ್ನು ಬಿಚ್ಚಿದರೆ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಎಳೆ ಬರುತ್ತದೆ. ಬಿಸಿನೀರಿನಲ್ಲಿ ಗೂಡು ಬಿಡಿಸುವ ಹೆಂಗಸರ ಬೆರಳಿಗೆ ಸಿಗುವ ಆ ಎಳೆ ನಿಜವಾಗಿ ಜೋಡಿ ಎಳೆ. ಹುಳು ಎರಡು ಕಡೆಯಿಂದ ಒಟ್ಟಿಗೆ ಉಗುಳಿ, ಸೆರಿಸಿನ್ ಎಂಬ ಅಂಟಿನಲ್ಲಿ ಕೂಡಿಸಿದ್ದು. ಅಂಟು ತೊಳೆದು ಬೇರೆ ಮಾಡಿದರೆ ಒಂಟಿ ಎಳೆಯ ಅಗಲ ಹೆಚ್ಚೂಕಡಿಮೆ 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದಾಗ ಸಿಗುವ ಒಂದು ಪಾಲು. 1971ರಲ್ಲಿ ಇಂಟೆಲ್ ತನ್ನ ಮೊದಲ ಮೈಕ್ರೊಪ್ರೊಸೆಸರ್ 4004ನ್ನು ಮಾಡಿದಾಗ ಅದರಲ್ಲಿ ಕೊರೆಯಬಹುದಾಗಿದ್ದ ಗೆರೆಯ ಅಗಲವೂ ಸರಿಯಾಗಿ 10 ಮೈಕ್ರಾನ್. ಮನುಷ್ಯ ಕಟ್ಟಿದ ಅತಿ ಸೂಕ್ಷ್ಮ ಯಂತ್ರವೂ ರೇಷ್ಮೆ ಹುಳುವೂ ಅಂದು ಸರಿಸಮ ನಿಂತಿದ್ದವು. ಆ ಇಡೀ ಚಿಪ್ಪಿನಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರು.

ರೈಜೆನ್‌ನ ಲೆಕ್ಕದ ಚೂರು 70.6 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಭಾಗಿಸಿ ನೋಡಿ: ಚದರ ಮಿಲಿಮೀಟರಿಗೆ ಹನ್ನೊಂದು ಕೋಟಿ ಎಪ್ಪತ್ತೇಳು ಲಕ್ಷ ಟ್ರಾನ್ಸಿಸ್ಟರು. ಒಂಟಿ ರೇಷ್ಮೆ ಎಳೆಯ ಅಗಲದ ಒಂದು ಚೌಕವನ್ನು ಆ ಚೂರಿನ ಮೇಲೆ ಗುರುತು ಮಾಡಿಕೊಂಡರೆ ಅದರೊಳಗೆ ಹನ್ನೊಂದು ಸಾವಿರದ ಏಳುನೂರಕ್ಕೂ ಮೀರಿ ಸ್ವಿಚ್ಚುಗಳು. 1971ರಲ್ಲಿ ಒಂದು ಗೆರೆ ಎಳೆಯಲು ಬೇಕಾಗಿದ್ದ ಅಗಲದ ಚೌಕದಲ್ಲಿ ಇಂದು ಆ ಕಾಲದ ಐದು ಇಡೀ ಪ್ರೊಸೆಸರುಗಳು ಹಿಡಿಸುತ್ತವೆ. ಈ ಅಂಕಿಯನ್ನು ನಾನು ಮತ್ತೆ ಮತ್ತೆ ಹಾಕಿ ನೋಡಿದ್ದೇನೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಒಂದೇ ಮನೆಯಿಂದ ಹೊರಬಂದವರು. ಐಬಿಎಂ ತನ್ನ ಪಿಸಿಗೆ ಚಿಪ್ ಕೊಳ್ಳುವಾಗ ಒಬ್ಬನೇ ಸರಬರಾಜುದಾರನನ್ನು ನಂಬಿ ಕೂರಲಾಗದು ಎಂದಿತು. ಹಾಗಾಗಿ 1982ರಲ್ಲಿ ಇಂಟೆಲ್‌ನ ನಕ್ಷೆಯನ್ನೇ ಇಟ್ಟುಕೊಂಡು ಚಿಪ್ ಮಾಡುವ ಒಪ್ಪಂದ ಎಎಂಡಿಗೆ ಸಿಕ್ಕಿತು. ದಾಯಾದಿ ಜಗಳ ಶುರುವಾದದ್ದು ಅಲ್ಲಿಂದ. 2000ದ ಮಾರ್ಚ್ 6ರಂದು ಎಎಂಡಿಯ ಅಥ್ಲಾನ್ ಸೆಕೆಂಡಿಗೆ ನೂರು ಕೋಟಿ ಮಿಡಿತದ ಗಡಿ, ಅಂದರೆ ಒಂದು ಗಿಗಾಹರ್ಟ್ಸ್, ದಾಟಿತು. ಇಂಟೆಲ್‌ನ ಅದೇ ವೇಗದ ಪೆಂಟಿಯಂ 3 ಬಂದದ್ದು ಮಾರ್ಚ್ 8ರಂದು. ಎರಡೇ ದಿನದ ಅಂತರ. ಆಮೇಲೆ ಎಎಂಡಿ ಬಿದ್ದೂ ಬಿತ್ತು. 2015ರ ಹೊತ್ತಿಗೆ ಅದರ ಷೇರು ಎರಡು ಡಾಲರಿಗಿಂತ ಕೆಳಗೆ ಇಳಿದಿತ್ತು. ಲೀಸಾ ಸೂ ಅವರ ಮುಂದಾಳತ್ವದಲ್ಲಿ 2017ರ ಮಾರ್ಚಿನಲ್ಲಿ ಬಂದ ಮೊದಲ ರೈಜೆನ್ ಎಂಟು ಕೋರುಗಳನ್ನು, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳನ್ನು, 499 ಡಾಲರಿಗೆ ಕೊಟ್ಟಿತು. ಆಗ ಇಂಟೆಲ್‌ನ ಎಂಟು ಕೋರಿನ ಪ್ರೊಸೆಸರಿಗೆ ಸಾವಿರ ಡಾಲರಿನ ಮೇಲಿತ್ತು. ಸ್ಪರ್ಧೆ ಇಲ್ಲದ ವರ್ಷಗಳಲ್ಲಿ ನಾವೆಲ್ಲ ಎಷ್ಟು ಹೆಚ್ಚು ತೆತ್ತೆವು ಎಂಬುದು ಆ ಒಂದು ಬೆಲೆಪಟ್ಟಿಯಲ್ಲೇ ಬಯಲಾಯಿತು.

ಇವತ್ತಿನ ಮೇಲ್ತುದಿಯಲ್ಲಿ ಇಬ್ಬರ ಗರಿಷ್ಠ ವೇಗವೂ 5.7 ಗಿಗಾಹರ್ಟ್ಸ್, ಒಂದೇ ಅಂಕಿ. ಆದರೆ ಹಾದಿ ಬೇರೆ. ರೈಜೆನ್ 9950ಎಕ್ಸ್‌ನಲ್ಲಿ ಒಂದೇ ಬಗೆಯ 16 ಕೋರುಗಳು, ಒಂದೊಂದೂ ಏಕಕಾಲಕ್ಕೆ ಎರಡು ಕೆಲಸ ಹಿಡಿಯುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆಯಲ್ಲಿ 8 ದೊಡ್ಡ ಕೋರು, 16 ಮಿತವ್ಯಯದ ಕೋರು. ಒಂದು ಕೋರಿಗೆ ಒಂದೇ ಕೆಲಸ. ಭಾರ ಬಿದ್ದಾಗ ಅದು 250 ವಾಟ್‌ವರೆಗೆ ಎಳೆಯುತ್ತದೆ. ಒಂದು ವೋಲ್ಟ್ ಚಿಲ್ಲರೆಯ ಒತ್ತಡದಲ್ಲಿ ಅಷ್ಟು ವಾಟ್ ಎಂದರೆ ಸುಮಾರು ಇನ್ನೂರು ಆಂಪಿಯರ್ ವಿದ್ಯುತ್ತು. ವಿಡಿಯೊ ಎಡಿಟಿಂಗ್, ದೊಡ್ಡ ಪ್ರೋಗ್ರಾಂ ಕಟ್ಟುವಂಥ ಭಾರದ ಕೆಲಸದಲ್ಲಿ ಇಬ್ಬರೂ ಹೆಗಲೆಣೆ. ಆಟದಲ್ಲಿ ಮಾತ್ರ ಎಎಂಡಿಯ 9800ಎಕ್ಸ್3ಡಿ ಮುಂದೆ. ಅದು ಲೆಕ್ಕದ ಚೂರಿನ ಅಡಿಗೆ 64 ಮೆಗಾಬೈಟಿನ ಇನ್ನೊಂದು ನೆನಪಿನ ಚೂರನ್ನು ಅಂಟಿಸಿಕೊಂಡಿದೆ. ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರಂತೆ, ಬರೀ ನೆನಪಿಟ್ಟುಕೊಳ್ಳುವುದಕ್ಕೇ 322 ಕೋಟಿ. 2021ರಲ್ಲಿ ಎಎಂಡಿ ಈ ಜೋಡಣೆಯನ್ನು ಮೊದಲು ವಿವರಿಸಿದಾಗ ಮೇಲಿನ ಚೂರಿಗೂ ಕೆಳಗಿನ ಚೂರಿಗೂ ನಡುವಿನ ಒಂದು ಬೆಸುಗೆಯಿಂದ ಇನ್ನೊಂದಕ್ಕೆ ಇದ್ದ ದೂರ 9 ಮೈಕ್ರಾನ್, ನಮ್ಮ ಒಂಟಿ ಎಳೆಗಿಂತ ತುಸು ಕಡಿಮೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳು ಬೇಡವಾದಷ್ಟು ವೋಲ್ಟೇಜ್ ಕೇಳಿ ಕೇಳಿ ಒಳಗೇ ಸವೆದು ಕೆಟ್ಟದ್ದನ್ನು 2024ರಲ್ಲಿ ಕಂಪನಿ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹಳೆಯ ಮಾಲು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇದನ್ನು ನೆನಪಿಡಬೇಕು.

ಈ ಪೈಪೋಟಿಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಬೇರೆ ಸಂಗತಿ. 285ಕೆಯ ಲೆಕ್ಕದ ಚೂರನ್ನು ಮಾಡಿದ್ದು ಇಂಟೆಲ್ ಅಲ್ಲ, ತೈವಾನಿನ ಟಿಎಸ್‌ಎಂಸಿ. ರೈಜೆನ್‌ನ ಚೂರನ್ನು ಮಾಡಿದ್ದೂ ಅದೇ ಟಿಎಸ್‌ಎಂಸಿ. ನಾಲ್ಕು ದಶಕದಿಂದ ಕಾದಾಡಿದ ಇಬ್ಬರ ಮೂಸೆ ಈಗ ಒಂದೇ ಕಂಪನಿಯ ಕೈಯಲ್ಲಿದೆ. ಅಲ್ಲಿ ಬೆಳಕಿನಿಂದ ಚಿಪ್ಪಿನ ಗೆರೆಗಳನ್ನು ಮೂಡಿಸುವ ಯಂತ್ರ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಮಾಡಿದ್ದು. ತೂಕ 180 ಟನ್. ಅದರೊಳಗೆ ಸೆಕೆಂಡಿಗೆ 50,000 ತವರದ ಹನಿಗಳು ಬೀಳುತ್ತವೆ. ಬೀಳುವ ಪ್ರತಿ ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ, ಮೊದಲ ಏಟಿಗೆ ಚಪ್ಪಟೆ, ಎರಡನೆಯದಕ್ಕೆ ಉರಿ. ಆ ಉರಿಯಿಂದ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು ಹೊಮ್ಮುತ್ತದೆ. ಈ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಅದಕ್ಕೇ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು, ಮಸೂರದ ಬದಲು ಕನ್ನಡಿಗಳು ಬೇಕು. ಕನ್ನಡಿ ಮಾಡುವ ಜೈಸ್ ಕಂಪನಿಯ ಲೆಕ್ಕದಂತೆ, ಒಂದು ಕನ್ನಡಿಯನ್ನು ಇಡೀ ಜರ್ಮನಿಯಷ್ಟು ಹಿಗ್ಗಿಸಿದರೂ ಅದರ ಮೇಲಿನ ಅತಿ ದೊಡ್ಡ ಉಬ್ಬು ಮಿಲಿಮೀಟರಿನ ಹತ್ತನೇ ಒಂದು ಪಾಲಷ್ಟೇ.

ಬರಲಿರುವವುಗಳ ಮಾತು. ಎಎಂಡಿಯ ಮುಂದಿನ ತಲೆಮಾರು ಝೆನ್ 6, ಟಿಎಸ್‌ಎಂಸಿಯ 2 ನ್ಯಾನೋಮೀಟರ್ ವಿಧಾನದ್ದು. ಅದೇ ಕುಲದ ವೆನಿಸ್ ಎಂಬ ಸರ್ವರ್ ಪ್ರೊಸೆಸರಿನಲ್ಲಿ 256 ಕೋರುಗಳವರೆಗೆ ಇರುತ್ತವೆ ಎಂದು ಕಂಪನಿ ಘೋಷಿಸಿದೆ. ಇಂಟೆಲ್‌ನ ಮೇಜಿನ ಪ್ರೊಸೆಸರ್ ನೋವಾ ಲೇಕ್, 2026ರ ಕೊನೆಗೆ ಎಂದು ಕಂಪನಿ ಹೇಳಿದೆ. ಇಂಟೆಲ್ ತನ್ನ ಸ್ವಂತ ಕಾರ್ಖಾನೆಯ ಮಾನ ಉಳಿಸಿಕೊಳ್ಳಲು 18ಎ ಎಂಬ ವಿಧಾನ ತಂದಿದೆ. ಅದರಲ್ಲಿ ಸ್ವಿಚ್ಚಿನೊಳಗೆ ವಿದ್ಯುತ್ತು ಹರಿಯುವ ಕಾಲುವೆ ಕೆಲವೇ ನ್ಯಾನೋಮೀಟರ್ ದಪ್ಪದ ಪಟ್ಟಿಗಳು. ಆ ಹರಿವನ್ನು ಬಿಡುವ, ತಡೆಯುವ ಬಾಗಿಲು ಆ ಪಟ್ಟಿಗಳನ್ನು ನಾಲ್ಕೂ ಕಡೆಯಿಂದ ಸುತ್ತಿಕೊಂಡಿರುತ್ತದೆ. ವಿದ್ಯುತ್ ತರುವ ತಂತಿಗಳು ಚಿಪ್ಪಿನ ಬೆನ್ನಿನ ಕಡೆಯಿಂದ ಬರುತ್ತವೆ. ಒಂದು ಎಚ್ಚರಿಕೆ ಹೇಳಬೇಕು: 2 ನ್ಯಾನೋಮೀಟರ್, 3 ನ್ಯಾನೋಮೀಟರ್ ಎಂಬವು ಈಗ ಹೆಸರುಗಳಷ್ಟೇ. ಒಂದು ಸ್ವಿಚ್ಚಿನಿಂದ ಪಕ್ಕದ ಸ್ವಿಚ್ಚಿಗೆ ಇರುವ ದೂರ ಇನ್ನೂ 40 ನ್ಯಾನೋಮೀಟರಿನ ಮೇಲೇ ಇದೆ. ಜಾಹೀರಾತಿನ ಅಂಕಿ ನೋಡಿ ಇಬ್ಬರನ್ನು ತೂಗಬೇಡಿ.

ಎರಡೂ ಕಂಪನಿಗಳ ನಕ್ಷೆಕಾರರಲ್ಲಿ ಒಂದು ದೊಡ್ಡ ಪಾಲು ಕಳವಾರ ಬೆಟ್ಟದಿಂದ ಒಂದೂವರೆ ಎರಡು ಗಂಟೆಯ ದಾರಿಯಲ್ಲಿದ್ದಾರೆ. 2008ರ ಸೆಪ್ಟೆಂಬರಿನಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಝಿಯಾನ್ 7400, 190 ಕೋಟಿ ಟ್ರಾನ್ಸಿಸ್ಟರಿನದು, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ 2023ರಲ್ಲಿ ಭಾರತಕ್ಕೆ ಐದು ವರ್ಷದಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ ಹೇಳಿ, ಅದೇ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಐದು ಲಕ್ಷ ಚದರಡಿಯ, ಮೂರು ಸಾವಿರ ಎಂಜಿನಿಯರುಗಳು ಕೂರಬಲ್ಲ ವಿನ್ಯಾಸ ಕೇಂದ್ರ ತೆರೆಯಿತು. ನಕ್ಷೆ ನಮ್ಮಲ್ಲಿ, ಕಾರ್ಖಾನೆ ತೈವಾನಿನಲ್ಲಿ. ನಮ್ಮ ಸರ್ಕಾರದ್ದೇ ಆದ ಮೊಹಾಲಿಯ ಪ್ರಯೋಗಾಲಯ ಚಿಪ್ ಮಾಡುವುದು 180 ನ್ಯಾನೋಮೀಟರಿನಲ್ಲಿ. 2000ದ ಮಾರ್ಚಿನ ಆ ಗಿಗಾಹರ್ಟ್ಸ್ ಓಟದಲ್ಲಿ ಇಬ್ಬರೂ ಓಡಿದ್ದು ಇದೇ ವಿಧಾನದಲ್ಲಿ. ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ 91,000 ಕೋಟಿ ರೂಪಾಯಿಯ ಕಾರ್ಖಾನೆಯ ಗುರಿ 28 ನ್ಯಾನೋಮೀಟರ್. ಅಂತರ ದೊಡ್ಡದು, ಮುಚ್ಚಿಡುವಂಥದ್ದಲ್ಲ. ಆದರೂ ಅಂತರ ತುಂಬಲು ಮೊದಲು ಬೇಕಾದದ್ದು ನಕ್ಷೆ ಬಲ್ಲ ತಲೆಗಳು, ಅವು ಈ ನೆಲದಲ್ಲಿ ಬೇಕಾದಷ್ಟಿವೆ ಎಂದೇ ನಾನು ನಂಬಿದ್ದೇನೆ.

ಕೊಳ್ಳುವವರಿಗೆ ಒಂದು ಮಾತು: ನುಡಿಯಲ್ಲಿ ಬರೆಯಲು, ಟ್ಯಾಲಿ ಲೆಕ್ಕಕ್ಕೆ, ಮಕ್ಕಳ ಪಾಠಕ್ಕೆ ಯಾವ ಕಂಪನಿಯ ಆರು ಕೋರಿನ ಪ್ರೊಸೆಸರಾದರೂ ಧಾರಾಳ ಸಾಕು, ಝೆನ್ 6ಕ್ಕೋ ನೋವಾ ಲೇಕ್‌ಗೋ ಕಾಯುತ್ತಾ ಕೂರುವ ಅಗತ್ಯವಿಲ್ಲ. ಎಎಂಡಿ ತನ್ನ ಪ್ರೊಸೆಸರ್ ಕೂರುವ ಎಎಂ5 ಸಾಕೆಟನ್ನು 2027ರವರೆಗೂ ಅದರಾಚೆಗೂ ನಡೆಸುವ ಮಾತು ಕೊಟ್ಟಿರುವುದರಿಂದ, ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಬೇಕೆಂದಿರುವವರಿಗೆ ಇಂದು ಅದೇ ಮೇಲು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಎಲೆಕ್ಟ್ರಾನಿಕ್ಸ್ ಓದಲು ಹೋಗಿರುವ ಮಕ್ಕಳಿಗೆ ಇನ್ನೊಂದು ಮಾತು. ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಕೊಳ್ಳುವುದು ಸಾಮಾನ್ಯ ಕಾಲೇಜಿನ ಕೈಗೆ ಎಟುಕದ ಮಾತಾಗಿತ್ತು. ಈಗ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ದೇಶದ ಸುಮಾರು ಮುನ್ನೂರು ವಿದ್ಯಾಸಂಸ್ಥೆಗಳಿಗೆ ಅದನ್ನು ಒದಗಿಸುತ್ತಿದೆ. ವಿದ್ಯಾರ್ಥಿಗಳು ಬರೆದ ನಕ್ಷೆಗಳು ಮೊಹಾಲಿಯಲ್ಲಿ ನಿಜವಾದ ಚಿಪ್ಪುಗಳಾಗಿ ಹೊರಬಂದಿವೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಈ ವಾರವೇ ಕೇಳಿ. ಇಲ್ಲವೆಂದರೆ, ಸೇರಿಸಿಕೊಳ್ಳುವಂತೆ ಅವರಿಂದಲೇ ಬರೆಸಿ.