ಕಚ್ಚೆ ಪಂಚೆ, ಥಾಯ್ಲೆಂಡಿನ ಚೊಂಗ್ ಕ್ರಬೇನ್ ಮತ್ತು ಮಾಲ್ ಬಾಗಿಲು

ಈ ಎಪಿಸೋಡ್‌ನಲ್ಲಿ ಹೊಲಿಗೆಯೇ ಇಲ್ಲದ ಒಂದು ಉದ್ದನೆಯ ಬಟ್ಟೆ ಬಗ್ಗೆ ಮಾತಾಡೋಣ. ಅದನ್ನ ಉಟ್ಕೊಂಡು ಬಂದವರನ್ನ ಒಳಗೆ ಬಿಡಬೇಕಾ ಬೇಡ್ವಾ ಅನ್ನೋ ಜಗಳದ ಬಗ್ಗೆನೂ.

ಬ್ಯಾಂಕಾಕ್ ಟ್ರಿಪ್ ಮುಗಿಸಿ ಬಂದ ಫ್ರೆಂಡ್ಸ್ ಹಾಕೋ ರೀಲ್ಸ್ ನೋಡಿರ್ತೀರ. ವಾಟ್ ಅರುಣ್ ದೇವಾಲಯದ ಮುಂದೆ ಥಾಯ್ ಡ್ರೆಸ್ ಹಾಕ್ಕೊಂಡು ಪೋಸ್. ಆ ಬಟ್ಟೆ ಬಾಡಿಗೆಗೆ ಕೊಡೋ ಅಂಗಡಿಗಳು ಅಲ್ಲೇ ಸುತ್ತಮುತ್ತ ಇವೆ. ಅದರಲ್ಲಿ ಸೊಂಟದಿಂದ ಕೆಳಗೆ ಉಡೋ ಒಂದು ಬಗೆಯ ಹೆಸರು ಚೊಂಗ್ ಕ್ರಬೇನ್. ದೂರದಿಂದ ನೋಡಿದ್ರೆ ಸಡಿಲವಾದ ಪ್ಯಾಂಟ್ ಥರ ಕಾಣುತ್ತೆ. ಹತ್ತಿರ ಹೋಗಿ ನೋಡಿ, ನಮ್ಮ ಕಚ್ಚೆ ಪಂಚೆ ನೆನಪಾಗುತ್ತೆ.

ಎರಡನ್ನೂ ಉಡೋದು ಹೇಗೆ?

ಚೊಂಗ್ ಕ್ರಬೇನ್‌ಗೆ ಸುಮಾರು 3 ಮೀಟರ್ ಬಟ್ಟೆ ಬೇಕು. ಬಟ್ಟೆಯನ್ನ ಬೆನ್ನ ಹಿಂದಿನಿಂದ ತಂದು ಸೊಂಟಕ್ಕೆ ಬಿಗಿಯಾಗಿ ಕಟ್ತಾರೆ. ಮುಂದೆ ಉಳಿಯೋ ಎರಡೂ ತುದಿಗಳನ್ನ ಒಟ್ಟಿಗೆ ಸುರುಳಿ ಸುತ್ತಿ, ಕಾಲುಗಳ ನಡುವೆ ಹಿಂದಕ್ಕೆ ಎಳೆದು, ಸೊಂಟದಲ್ಲಿ ಸಿಕ್ಕಿಸ್ತಾರೆ. ಮೇಲೆ ಒಂದು ಬೆಲ್ಟ್. ಗಂಡಸರೂ ಉಡ್ತಾರೆ, ಹೆಂಗಸರೂ ಉಡ್ತಾರೆ.

ನಮ್ಮದಕ್ಕೆ ಎಂಟು ಮೊಳದ ಪಂಚೆ, ಅಂದ್ರೆ ಸುಮಾರು 3.6 ಮೀಟರ್. ಶುರು ಎರಡರದ್ದೂ ಒಂದೇ. ವ್ಯತ್ಯಾಸ ಇರೋದು ತುದಿಗಳಲ್ಲಿ. ನಾವು ಒಂದು ತುದಿಯನ್ನ ಮಾತ್ರ ಹಿಂದಕ್ಕೆ ಎಳೆದು ಸಿಕ್ಕಿಸ್ತೀವಿ, ಅದೇ ಕಚ್ಚೆ. ಇನ್ನೊಂದು ತುದಿಯನ್ನ ನೆರಿಗೆ ಮಾಡಿ ಮುಂದೆ ಇಳಿಬಿಡ್ತೀವಿ.

ಇದರ ಲಾಭ ಸಿಂಪಲ್. ಒಂದು ಕತ್ತರಿ, ಒಂದು ಸೂಜಿ ಇಲ್ಲದೆ ಬಟ್ಟೆ ಎರಡು ಕಾಲಿಗೂ ಬೇರೆಬೇರೆಯಾಗಿ ಸುತ್ಕೊಳ್ಳುತ್ತೆ. ನಡೆಯಬಹುದು, ಓಡಬಹುದು, ಕುಣಿಯಬಹುದು. ಉತ್ತರ ಕರ್ನಾಟಕದ ಅಜ್ಜಿಯರು ಕಚ್ಚೆ ಸೀರೆ ಉಟ್ಟು ಹೊಲದ ಕೆಲಸ ಮಾಡಿದ್ದೂ ಇದೇ ಕಾರಣಕ್ಕೆ. ಕಚ್ಚೆಗೆ ಕನ್ನಡದಲ್ಲಿ ಕಾಸೆ ಅಂತಾನೂ ಹೆಸರಿದೆ. ವೀರಗಾಸೆ ಕುಣಿತದ ಹೆಸರಲ್ಲಿ ಇರೋದು ಅದೇ ಕಾಸೆ: ವೀರ, ಕಾಸೆ, ಸೇರಿ ವೀರಗಾಸೆ.

ಥಾಯ್ಲೆಂಡ್‌ನಲ್ಲಿ ಏನಾಯ್ತು?

1872ರಲ್ಲಿ ಅಲ್ಲಿನ ರಾಜ ಚುಲಾಲಾಂಗ್‌ಕಾರ್ನ್ ಭಾರತ ಪ್ರವಾಸಕ್ಕೆ ಬಂದಿದ್ರು. ಆ ಹೊತ್ತಿನಲ್ಲಿ ಕತ್ತಿನವರೆಗೂ ಗುಂಡಿ ಇರೋ ಬಿಳಿ ಕೋಟು ಅವರ ಆಸ್ಥಾನದ ಉಡುಪಾಗಿ ರೂಪುಗೊಳ್ತು. ಮೇಲೆ ಕೋಟು, ಕೆಳಗೆ ಚೊಂಗ್ ಕ್ರಬೇನ್, ಕಾಲಿಗೆ ಉದ್ದ ಸಾಕ್ಸ್ ಮತ್ತು ಶೂ. ಹಳೇ ಮೈಸೂರಿನ ಮೇಷ್ಟ್ರು, ವಕೀಲರ ಫೋಟೋಗಳಲ್ಲೂ ಇದೇ ಥರದ ಜೋಡಿ: ತಲೆಗೆ ಪೇಟ, ಮೈಗೆ ಕೋಟು, ಕೆಳಗೆ ಕಚ್ಚೆ. ಆಗ ಇದು ಪಕ್ಕಾ ಆಫೀಸ್ ಡ್ರೆಸ್.

ಆಮೇಲೆ ಥಾಯ್ಲೆಂಡ್‌ನಲ್ಲಿ ಗಾಳಿ ಬದಲಾಯ್ತು. ಪ್ರಧಾನಿ ಫಿಬುನ್ ಸೋಂಗ್‌ಖ್ರಾಮ್ ದೇಶವನ್ನ 'ಆಧುನಿಕ' ಮಾಡೋಕೆ ಒಂದರ ಹಿಂದೆ ಒಂದು ಆದೇಶ ಹೊರಡಿಸಿದ್ರು. 1941ರ ಜನವರಿಯ ಹತ್ತನೇ ಆದೇಶ ಬಟ್ಟೆ ಬಗ್ಗೆ. ಬರೀ ಬಟ್ಟೆ ಸುತ್ಕೊಂಡು ಸಾರ್ವಜನಿಕ ಜಾಗಕ್ಕೆ ಬರೋದು ಅದರ ಪ್ರಕಾರ ಸಭ್ಯತೆ ಅಲ್ಲ. ಗಂಡಸರಿಗೆ ಪ್ಯಾಂಟ್, ಹೆಂಗಸರಿಗೆ ಸ್ಕರ್ಟ್, ಜೊತೆಗೆ ಹ್ಯಾಟ್. ಚೊಂಗ್ ಕ್ರಬೇನ್ ದಿನಬಳಕೆಯಿಂದ ಸರಿದು ನಾಟಕ, ನೃತ್ಯ, ಸಮಾರಂಭಕ್ಕೆ ಸೀಮಿತ ಆಗ್ತಾ ಹೋಯ್ತು. 2018ರಲ್ಲಿ 'ಬುಪ್ಪೇಸನ್ನಿವಾತ್' ಅನ್ನೋ ಟೀವಿ ಧಾರಾವಾಹಿ ಸೂಪರ್‌ಹಿಟ್ ಆದಾಗ, ಯುವಕರು ಹಳೇ ಕಾಲದ ಡ್ರೆಸ್ ಹಾಕ್ಕೊಂಡು ಅಯುಥಾಯಾದ ದೇವಾಲಯಗಳಿಗೆ ಹೋಗೋದು ಟ್ರೆಂಡ್ ಆಯ್ತು.

ನಮ್ಮಲ್ಲಿ?

ನಮ್ಮಲ್ಲಿ ಅಂಥ ಸರ್ಕಾರಿ ಆದೇಶ ಬರಲಿಲ್ಲ. ಆದ್ರೆ 2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಏನಾಯ್ತು ಅಂತ ನೆನಪಿರಬೇಕು. ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾಗೆ ಬಂದಿದ್ರು. ಟಿಕೆಟ್ ಇತ್ತು. ಉಟ್ಟಿದ್ದು ಪಂಚೆ ಅನ್ನೋ ಕಾರಣಕ್ಕೆ ಬಾಗಿಲಲ್ಲೇ ತಡೆದ್ರು. ವಿಡಿಯೋ ವೈರಲ್ ಆಯ್ತು, ಪ್ರತಿಭಟನೆ ನಡೀತು, ಮಾಲ್‌ನವರು ಕ್ಷಮೆ ಕೇಳಿದ್ರು. ವಿಧಾನಸಭೆಯಲ್ಲೂ ಚರ್ಚೆ ಆಗಿ, ಮಾಲ್ ಅನ್ನ 7 ದಿನ ಮುಚ್ಚಿಸೋದಾಗಿ ಸರ್ಕಾರ ಹೇಳ್ತು.

ಇಲ್ಲಿ ಕಾನೂನು ಏನು ಹೇಳುತ್ತೆ? ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಪ್ರವೇಶದಲ್ಲಿ ತಾರತಮ್ಯ ಮಾಡಬಾರದು ಅಂತ ಸಂವಿಧಾನದ 15(2)ನೇ ವಿಧಿ ಹೇಳುತ್ತೆ. ಆದ್ರೆ ಅದು ಪಟ್ಟಿ ಮಾಡೋದು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಬಟ್ಟೆ ಆ ಪಟ್ಟಿಯಲ್ಲಿ ಇಲ್ಲ. 'ಡ್ರೆಸ್ ಕೋಡ್' ಅನ್ನೋ ಪದ ನುಸುಳೋದು ಈ ಗ್ಯಾಪ್‌ನಲ್ಲೇ.

ತಮಿಳುನಾಡು ಈ ಗ್ಯಾಪ್ ಮುಚ್ಚೋಕೆ ಪ್ರಯತ್ನ ಪಟ್ಟಿದೆ. 2014ರಲ್ಲಿ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರಿಗೇ ವೇಷ್ಟಿ ಉಟ್ಟಿದ್ದಕ್ಕೆ ಚೆನ್ನೈನ ಕ್ಲಬ್ಬೊಂದು ಪ್ರವೇಶ ಕೊಡಲಿಲ್ಲ. ಅದೇ ವರ್ಷ ಅಲ್ಲಿನ ವಿಧಾನಸಭೆ ಕಾಯ್ದೆ ಮಾಡ್ತು. ವೇಷ್ಟಿ ಉಟ್ಟವರನ್ನ ತಡೆದ್ರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಈಗ ಲೆಕ್ಕ ಹಾಕಿ. ಮದುವೆ ಮನೆಯಲ್ಲಿ ರೇಷ್ಮೆ ಪಂಚೆ ಉಟ್ಟ ಮದುಮಗನನ್ನ ಯಾವ ಸ್ಟಾರ್ ಹೋಟೆಲೂ ತಡೆಯಲ್ಲ. ಕಟ್ಟೋಕೆ ಬರದವರಿಗೆ ವೆಲ್ಕ್ರೋ ಹಾಕಿದ ರೆಡಿಮೇಡ್ ಪಂಚೆನೂ ಸಿಗುತ್ತೆ. ಅದೇ ಪಂಚೆಯನ್ನ ದಿನಾ ಉಡೋ ಮನುಷ್ಯ ಬಂದಾಗ ಮಾತ್ರ ಅದು ಸಮಸ್ಯೆ. ಹಾಗಾದ್ರೆ ತಡೀತಿರೋದು ಬಟ್ಟೆಯನ್ನಲ್ಲ, ಅದನ್ನ ಉಟ್ಟವರ ದುಡ್ಡಿನ ಬಗ್ಗೆ ಬಾಗಿಲಲ್ಲಿ ಒಂದು ಅಂದಾಜು ನಡೀತಿದೆ. ಇದು ಬಾಗಿಲಲ್ಲಿ ನಿಂತ ಗಾರ್ಡ್ ಒಬ್ಬರ ತಪ್ಪು ಅಂತ ಮುಗಿಸೋಕೂ ಆಗಲ್ಲ. ಅವರಿಗೆ ಯಾರನ್ನ ಬಿಡಬೇಕು ಅಂತ ಹೇಳಿಕೊಡೋದು ಮ್ಯಾನೇಜ್‌ಮೆಂಟ್.

ನಮ್ಮ ಉತ್ತರ ಬೆಂಗಳೂರಿಗೆ ಇದು ದೂರದ ವಿಷಯ ಅಲ್ಲ. ಯಶವಂತಪುರ ಎಪಿಎಂಸಿ ಯಾರ್ಡ್‌ಗೆ, ಕೃಷಿ ಮೇಳಕ್ಕೆ ಅಂತ ಜಿಕೆವಿಕೆ ಕ್ಯಾಂಪಸ್‌ಗೆ ಪಂಚೆ ಉಟ್ಟವರು ಬರ್ತಾನೇ ಇರ್ತಾರೆ. ಹೆಬ್ಬಾಳ, ಯಲಹಂಕದ ಮಾಲ್‌ಗಳು ಅಲ್ಲಿಂದ ಹೆಚ್ಚು ದೂರ ಇಲ್ಲ. ಯಾರನ್ನಾದ್ರೂ ಹೀಗೆ ತಡೆಯೋದು ಕಂಡ್ರೆ, ನಿಂತು ಒಂದು ಪ್ರಶ್ನೆ ಕೇಳಿ: "ಈ ರೂಲ್ ಎಲ್ಲಿ ಬರೆದಿದೆ, ತೋರ್ಸಿ." ಹಾವೇರಿಯ ರೈತರ ವಿಷಯ ಹೊರಗೆ ಬಂದಿದ್ದು ಒಂದು ವಿಡಿಯೋದಿಂದ. ಫೋನ್ ನಿಮ್ಮ ಕೈಯಲ್ಲೂ ಇದೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.