ತಾನಾಗಿ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮುನ್ನ

ಬರೆಯುತ್ತಿದ್ದ ಪತ್ರ ಅರ್ಧಕ್ಕೆ ನಿಂತು, ಪರದೆ ಕಪ್ಪಾಗಿ, ಕಂಪ್ಯೂಟರ್ ತಾನಾಗಿಯೇ ಮೊದಲಿನಿಂದ ಶುರುವಾಗುತ್ತದೆ. ಕೆಲವು ಮನೆಗಳಲ್ಲಿ ದಿನಕ್ಕೊಮ್ಮೆ, ಕೆಲವು ಕಡೆ ಹತ್ತು ನಿಮಿಷಕ್ಕೊಮ್ಮೆ, ಇನ್ನು ಕೆಲವು ಕಡೆ ಸಂಜೆ ಹೊತ್ತು ಮಾತ್ರ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು: ‘ವೈರಸ್ ಬಂದಿರಬೇಕು, ಫಾರ್ಮ್ಯಾಟ್ ಮಾಡಿಸಿಬಿಡಿ.’ ಫಾರ್ಮ್ಯಾಟ್ ಆಗುತ್ತದೆ. ಬ್ಯಾಕಪ್ ಇಲ್ಲದ ಫೋಟೊಗಳು, ಲೆಕ್ಕಪತ್ರಗಳು ಅದರೊಂದಿಗೇ ಹೋಗುತ್ತವೆ. ಮನೆಗೆ ತಂದು ಪ್ಲಗ್ ಹಾಕಿದ ಮರುದಿನ ಮತ್ತೆ ಅದೇ ಪಾಡು. ವಿಂಡೋಸ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಮೇಜಿನ ಕೆಳಗಿನ ಎಕ್ಸ್‌ಟೆನ್ಶನ್ ಬೋರ್ಡೋ, ವಯಸ್ಸಾದ ಯುಪಿಎಸ್ ಬ್ಯಾಟರಿಯೋ ಆಗಿತ್ತು.

ಏನು ಕೆಟ್ಟಿದೆ ಎಂದು ಹುಡುಕುವ ಮೊದಲು, ಯಾವಾಗ ಹೀಗಾಗುತ್ತದೆ ಎಂದು ಗಮನಿಸಿ. ಗೇಮ್ ಆಡುವಾಗ ಮಾತ್ರವೇ? ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗಲೇ? ಕರೆಂಟ್ ಕಣ್ಣು ಮಿಟುಕಿಸಿದಾಗಲೇ? ಏನೂ ಮಾಡದೆ ಬಿಟ್ಟಾಗಲೂ ಆಗುತ್ತದೆಯೇ? ಒಂದು ವಾರ ಸಮಯ, ಸಂದರ್ಭ ಬರೆದಿಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆ. ಯಂತ್ರ ಹೀಗೆ ನಿಲ್ಲುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದರಲ್ಲಿ ವಿಂಡೋಸೇ ಒಳಗಿನ ದೊಡ್ಡ ತಪ್ಪೊಂದನ್ನು ಗುರುತಿಸಿ, ಮುಂದುವರಿದರೆ ಡೇಟಾ ಹಾಳಾದೀತೆಂದು ನೀಲಿ ಪರದೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಇನ್ನೊಂದರಲ್ಲಿ ವಿಂಡೋಸ್‌ಗೆ ಗೊತ್ತೇ ಆಗದಂತೆ ವಿದ್ಯುತ್ ಕೈಕೊಡುತ್ತದೆ. ನಮ್ಮ ನಡುವಿನ ಹೆಚ್ಚಿನ ತಪ್ಪು ನಂಬಿಕೆಗಳು ಇವೆರಡನ್ನು ಬೆರೆಸಿದ್ದರಿಂದ ಹುಟ್ಟಿದವು.

‘ರೀಸ್ಟಾರ್ಟ್ ಆಯಿತೆಂದರೆ ವೈರಸ್ಸೇ’

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. 2003ರ ಆಗಸ್ಟ್‌ನಲ್ಲಿ ಹಬ್ಬಿದ ಬ್ಲಾಸ್ಟರ್ ಎಂಬ ವರ್ಮ್, ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರಗಳಲ್ಲಿ ಒಂದು ಕಿಟಕಿ ತೆರೆದು 60 ಸೆಕೆಂಡ್ ಎಣಿಸಿ ರೀಸ್ಟಾರ್ಟ್ ಮಾಡಿಸುತ್ತಿತ್ತು. ಮರುವರ್ಷ ಸಾಸರ್ ಬಂದು ಅದನ್ನೇ ಮಾಡಿತು. ಆಗ ಸೈಬರ್ ಕೆಫೆ ನಡೆಸಿದವರಿಗೆ, ಡಯಲ್-ಅಪ್ ಬಳಸಿದವರಿಗೆ ಆ ಎಣಿಕೆ ಈಗಲೂ ನೆನಪಿದ್ದೀತು. ಬ್ಲಾಸ್ಟರ್ ನುಸುಳಿದ ಕಿಂಡಿಯನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಆ ಜುಲೈನಲ್ಲೇ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಇಂದಿನ ದುಷ್ಟ ತಂತ್ರಾಂಶಗಳ ಗುರಿ ಬೇರೆ. ಪಾಸ್‌ವರ್ಡ್ ಕದಿಯುವುದಕ್ಕೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವುದಕ್ಕೆ ಯಂತ್ರ ಸದ್ದಿಲ್ಲದೆ ನಡೆಯುತ್ತಿರಬೇಕು. ಪದೇ ಪದೇ ರೀಸ್ಟಾರ್ಟ್ ಆದರೆ ಕಳ್ಳನಿಗೇ ನಷ್ಟ. ಆದ್ದರಿಂದ ಸ್ಕ್ಯಾನ್ ಮಾಡುವುದು ತಪ್ಪಲ್ಲವಾದರೂ ಅನುಮಾನದ ಪಟ್ಟಿಯಲ್ಲಿ ವೈರಸ್ಸಿಗೆ ಮೊದಲ ಜಾಗ ಕೊಡಬೇಕಿಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು, ಅನೇಕವು ರೀಸ್ಟಾರ್ಟ್ ಚಕ್ರದಲ್ಲಿ ಸಿಕ್ಕಿಕೊಂಡವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅಂದಿನ ಕಾರಣವೂ ವೈರಸ್ ಆಗಿರಲಿಲ್ಲ. ವೈರಸ್ಸಿನಿಂದ ಕಾಪಾಡಲೆಂದೇ ಹಾಕಿದ್ದ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್ ಅದು.

‘ಲಾಗ್‌ನಲ್ಲಿ 41 ಇದೆ, ಹಾಗಾದರೆ ಎಸ್‌ಎಂಪಿಎಸ್ ಹೋಗಿದೆ’

ಸ್ವಲ್ಪ ತಿಳಿದವರು ಎಡವುವುದು ಇಲ್ಲಿ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಮ್ ಒತ್ತಿದರೆ ಕೆಂಪು ಗುರುತಿನ ಸಾಲೊಂದು ಕಾಣುತ್ತದೆ: ಕರ್ನೆಲ್-ಪವರ್, ಸಂಖ್ಯೆ 41. ಹೆಸರಿನಲ್ಲಿ ಪವರ್ ಇರುವುದರಿಂದ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಕೊಂಡವರು ಬಹಳ. ನಿಜಕ್ಕೂ ಆ ಸಾಲನ್ನು ವಿಂಡೋಸ್ ಬರೆಯುವುದು ಮತ್ತೆ ಆನ್ ಆದ ಮೇಲೆ. ‘ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್ ಡೌನ್ ಮಾಡಿರಲಿಲ್ಲ’ ಎನ್ನುವುದಷ್ಟೇ ಅದರ ಅರ್ಥ. ಕಾರಣ ಅದರಲ್ಲಿಲ್ಲ.

ಸುಳಿವು ಇರುವುದು ಇನ್ನೊಂದು ಹೆಜ್ಜೆ ಒಳಗೆ. ಆ ಸಾಲಿನ ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್ ಕೋಡ್ ಎಂಬ ಅಂಕಿ ಇರುತ್ತದೆ. ಅದು 0 ಆಗಿದ್ದರೆ ವಿಂಡೋಸ್‌ಗೆ ತಪ್ಪನ್ನು ಬರೆದಿಡಲು ಪುರುಸೊತ್ತೇ ಸಿಕ್ಕಿಲ್ಲ. ಬಹುಮಟ್ಟಿಗೆ ಕರೆಂಟ್ ಹೋಗಿದೆ, ರೀಸೆಟ್ ಆಗಿದೆ, ಇಲ್ಲವೇ ಯಂತ್ರ ಹಾಗೇ ಸಿಕ್ಕಿಕೊಂಡು ನಿಂತಿದೆ. ಬೇರೆ ಅಂಕಿ ಇದ್ದರೆ ನೀಲಿ ಪರದೆ ಬಂದುಹೋಗಿದೆ, ನೀವು ನೋಡಿಲ್ಲ ಅಷ್ಟೆ. 292 ಎಂದಿದ್ದರೆ ಹಾರ್ಡ್‌ವೇರೇ ತಪ್ಪನ್ನು ವರದಿ ಮಾಡಿದೆ. 159 ಎಂದಿದ್ದರೆ ಯಾವುದೋ ಡ್ರೈವರ್ ನಿದ್ದೆ-ಎಚ್ಚರದ ನಡುವೆ ತೊಡಕು ಮಾಡಿದೆ. 26 ಎಂದಿದ್ದರೆ ಮೆಮೊರಿಯ ನಿರ್ವಹಣೆಯಲ್ಲಿ ತಪ್ಪಾಗಿದೆ.

ನೀಲಿ ಪರದೆ (ಈಚಿನ ವಿಂಡೋಸ್ 11ರಲ್ಲಿ ಅದು ಕಪ್ಪು) ಓದುವಷ್ಟು ಹೊತ್ತು ನಿಲ್ಲಬೇಕೆಂದರೆ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತನ್ನು ತೆಗೆಯಿರಿ. ಕಾಯಿಲೆ ಇದರಿಂದ ವಾಸಿಯಾಗದು, ಆದರೆ ಮುಂದಿನ ಸಲ ಪರದೆ ನಿಂತೇ ಇರುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಸಾಕು. ಈ ಒಂದು ಗುರುತನ್ನು ತೆಗೆಯುವುದು ಎಲ್ಲ ಮನೆಗಳಿಗೂ ಗೊತ್ತಿದ್ದರೆ ಎಷ್ಟೋ ಅನಗತ್ಯ ಫಾರ್ಮ್ಯಾಟ್‌ಗಳು ತಪ್ಪುತ್ತಿದ್ದವು.

‘ಯುಪಿಎಸ್ ಇದೆ, ಕರೆಂಟಿನ ತೊಂದರೆ ಇರಲಾರದು’

ಮನೆ ಕಂಪ್ಯೂಟರಿನ ಮಟ್ಟಿಗೆ ಇದರಷ್ಟು ದಾರಿ ತಪ್ಪಿಸುವ ನಂಬಿಕೆ ಇನ್ನೊಂದಿಲ್ಲ. ಯುಪಿಎಸ್ ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಸೀಲ್ ಮಾಡಿದ ಬ್ಯಾಟರಿ. ಮೂರು ವರ್ಷದ ಆಸುಪಾಸಿನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ದೀಪ ಮಾತ್ರ ಹಸಿರಾಗಿಯೇ ಇರುತ್ತದೆ. ಕರೆಂಟ್ ಅರೆಕ್ಷಣ ಹೋದಾಗ ಭಾರ ಹೊರಲಾರದೆ ಯುಪಿಎಸ್ ಕುಸಿಯುತ್ತದೆ, ಮರುಕ್ಷಣ ಕರೆಂಟ್ ಬರುತ್ತದೆ, ಫ್ಯಾನ್ ನಿಂತದ್ದೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್. ಪರೀಕ್ಷೆ ಸುಲಭ: ಕಂಪ್ಯೂಟರನ್ನು ಬಿಡಿಸಿ, ಯುಪಿಎಸ್‌ಗೆ 60 ವ್ಯಾಟಿನ ಹಳೆಯ ಬಲ್ಬಿರುವ ಟೇಬಲ್ ಲ್ಯಾಂಪ್ ಹಾಕಿ, ಗೋಡೆಯ ಸ್ವಿಚ್ ಆರಿಸಿ. ಕೆಲವೇ ಸೆಕೆಂಡುಗಳಲ್ಲಿ ದೀಪ ಆರಿದರೆ ಬ್ಯಾಟರಿ ಮುಗಿದಿದೆ. ಲೇಸರ್ ಪ್ರಿಂಟರನ್ನು ಅದೇ ಯುಪಿಎಸ್‌ಗೆ ಹಾಕಿದ್ದರೆ ಈಗಲೇ ತೆಗೆಯಿರಿ. ಅದರ ಕಾಯಿಸುವ ಭಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ತಡೆಯದು.

ಮನೆಯ ಇನ್ವರ್ಟರನ್ನು ನಂಬಿರುವವರು ಅದರ ಮೈಮೇಲಿನ ಒಂದು ಪುಟ್ಟ ಸ್ವಿಚ್ಚನ್ನು ಹುಡುಕಬೇಕು. ಅನೇಕ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಎರಡಿರುತ್ತವೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ಪೂರ್ಣ ಭಾರ ಹೊತ್ತು ನಿಲ್ಲುವುದು ಸುಮಾರು 16-17 ಮಿಲಿಸೆಕೆಂಡ್. ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡ್, ಅಂದರೆ ಒಂದು ಆವರ್ತ ತಪ್ಪಿದರೂ ಅದಕ್ಕೆ ಕಷ್ಟ. ನಾರ್ಮಲ್ ಮೋಡ್‌ನಲ್ಲಿ ಇನ್ವರ್ಟರ್ ಬದಲಾಯಿಸಿಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ದೀಪ, ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರಿಗೆ ಲೆಕ್ಕಕ್ಕಿದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದ್ದರಿಂದಲೇ ಪರಿಹಾರವಾದ ಉದಾಹರಣೆಗಳು ಕಡಿಮೆಯೇನಲ್ಲ.

ಸ್ಪೈಕ್ ಬಸ್ಟರ್‌ನ ಸಡಿಲ ಪಿನ್ನು, ಕ್ಯಾಬಿನೆಟ್ ಹಿಂದೆ ಅರ್ಧ ಕೂತ ಪವರ್ ಕೇಬಲ್ ಇವನ್ನೂ ಒಮ್ಮೆ ಕೈಯಿಂದ ಒತ್ತಿ ನೋಡಿ. ಎಸ್‌ಎಂಪಿಎಸ್ ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಅದು ಸರಿಯಿದೆ ಎಂದಲ್ಲ. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರ ಒಳಗೆ ಇರಬೇಕು. ಗೇಮ್ ಶುರುವಾದ ಕ್ಷಣ ಕುಸಿಯುವುದನ್ನು ಸಾದಾ ಮಲ್ಟಿಮೀಟರ್ ಹಿಡಿಯುವುದೂ ಇಲ್ಲ. ನಂಬಬಹುದಾದ ಪರೀಕ್ಷೆ ಎಂದರೆ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ಎರಡು ದಿನ ಓಡಿಸುವುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು, ಪ್ರಾಣಕ್ಕೆ ಅಪಾಯ.

‘ಬಿಸಿಯಾಗಿ ರೀಸ್ಟಾರ್ಟ್ ಆಗುತ್ತಿದೆ’

ಆಗಬಹುದು, ಆದರೆ ಬಿಸಿಯ ನಡೆ ಬೇರೆ. ಇಂದಿನ ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಪೂರ್ತಿ ಆರುತ್ತದೆ, ಸಾಮಾನ್ಯವಾಗಿ ಆರಿಯೇ ಇರುತ್ತದೆ. ಆದ್ದರಿಂದ ಕೆಲಸ ನಿಧಾನವಾಗಿ, ಆಮೇಲೆ ಆಫ್ ಆದರೆ ಧೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಿ. ಕ್ಯಾಬಿನೆಟ್ ಪಕ್ಕ ತೆಗೆದು ಟೇಬಲ್ ಫ್ಯಾನ್ ಇಡುವುದು ಪರೀಕ್ಷೆಗೆ ಸರಿ, ಕಾಯಂ ಮದ್ದಲ್ಲ.

‘ರ‍್ಯಾಮ್‌ಗೆ ರಬ್ಬರ್ ಉಜ್ಜಿದರೆ ಸರಿಹೋಗುತ್ತದೆ’

ಅಂಗಡಿಗಳಲ್ಲಿ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕುತ್ತಾರೆ. ಕೆಲವೊಮ್ಮೆ ಸರಿಯೂ ಆಗುತ್ತದೆ. ಅನೇಕ ಸಲ ಗುಣ ಕೊಡುವುದು ಉಜ್ಜಿದ್ದಲ್ಲ, ತೆಗೆದು ಗಟ್ಟಿಯಾಗಿ ಕೂರಿಸಿದ್ದು. ರ‍್ಯಾಮ್ ಒಳಗೇ ಕೆಟ್ಟಿದ್ದರೆ ರಬ್ಬರ್ ಏನು ಮಾಡೀತು? ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ, ಇಲ್ಲವೇ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದನ್ನು ತಳ್ಳಿಹಾಕಬಾರದು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ಯಾವುದರದ್ದೆಂದು ತಿಳಿಯುತ್ತದೆ.

‘ಹೊಸ ಯಂತ್ರ, ಹಾರ್ಡ್‌ವೇರ್ ಕೆಡುವ ಮಾತೇ ಇಲ್ಲ’

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜ್ ಪಡೆದು ಹಾಳಾಗುತ್ತಿವೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಬರುವುದು ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟ್ ಮೂಲಕ. ಆಗಲೇ ಹಾಳಾದ ಪ್ರೊಸೆಸರನ್ನು ಅದು ಸರಿಪಡಿಸದು, ಬದಲಿ ಕೇಳಬೇಕು. ಅಂಥ ಯಂತ್ರಕ್ಕೆ ನಾಲ್ಕು ಸಲ ಫಾರ್ಮ್ಯಾಟ್ ಮಾಡಿಸಿದರೂ ಹಣ ದಂಡ.

ರಾತ್ರಿ ಮಲಗಿದಾಗ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ ಎನ್ನುವವರು ಸಿಸ್ಟಮ್ ಲಾಗ್‌ನಲ್ಲಿ 1074 ಹುಡುಕಲಿ. ಯಾವ ಪ್ರೋಗ್ರಾಂ ಕೇಳಿದ್ದಕ್ಕೆ ರೀಸ್ಟಾರ್ಟ್ ಆಯಿತೆಂದು ಅಲ್ಲಿರುತ್ತದೆ. ವಿಂಡೋಸ್ ಅಪ್‌ಡೇಟ್ ಎಂದಿದ್ದರೆ ಅದು ರೋಗವೇ ಅಲ್ಲ. ಆಕ್ಟಿವ್ ಅವರ್ಸ್ ಹೊಂದಿಸಿಕೊಂಡರಾಯಿತು.

ಇದೇ ಲಾಗನ್ನು ತೋರಿಸಿ ಹೆದರಿಸುವವರೂ ಇದ್ದಾರೆ. ಮೈಕ್ರೋಸಾಫ್ಟ್‌ನಿಂದ ಎಂದು ಕರೆ ಮಾಡಿ, ಇವೆಂಟ್ ವ್ಯೂವರ್ ತೆರೆಸಿ, ಕೆಂಪು ಗುರುತುಗಳನ್ನು ಎಣಿಸಿ ಹಣ ಕೇಳುತ್ತಾರೆ. ಆರೋಗ್ಯವಾಗಿರುವ ಯಂತ್ರದಲ್ಲೂ ಅಂಥ ಗುರುತುಗಳು ರಾಶಿ ಇರುತ್ತವೆ. ನಿಜವಾದ ನೀಲಿ ಪರದೆಯಲ್ಲಿ ‘ಈ ನಂಬರಿಗೆ ಕರೆ ಮಾಡಿ’ ಎಂದು ಇರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನೋಡಿಯೂ ಬಗ್‌ಚೆಕ್ 0 ಎಂದೇ ಬರುತ್ತಿದ್ದರೆ, ಖರ್ಚಿಲ್ಲದ ಪರೀಕ್ಷೆ ಒಂದು ಉಳಿದಿದೆ. ಪ್ಲಗ್ ತೆಗೆದು ಕ್ಯಾಬಿನೆಟ್ ಪಕ್ಕ ಬಿಚ್ಚಿ. ಮುಂಭಾಗದ ರೀಸೆಟ್ ಬಟನ್ನಿನಿಂದ ಬರುವ ಎರಡು ಎಳೆಯ ತೆಳು ತಂತಿ ಮದರ್‌ಬೋರ್ಡಿನ ಮೂಲೆಯಲ್ಲಿ ಪುಟ್ಟ ಪಿನ್ನುಗಳಿಗೆ ಸಿಕ್ಕಿಸಿರುತ್ತದೆ. ಅದನ್ನು ಎಳೆದು ತೆಗೆದು ಒಂದು ದಿನ ಓಡಿಸಿ. ತೇವಕ್ಕೆ, ಧೂಳಿಗೆ ಆ ಬಟನ್ ಒಳಗೇ ಅಂಟಿಕೊಂಡು ತಾನಾಗಿ ಒತ್ತಿದಂತಾಗುವುದುಂಟು. ರೀಸೆಟ್ ಇಲ್ಲದೆಯೂ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತದೆ. ಆಗಲೂ ರೀಸ್ಟಾರ್ಟ್ ಆಗುವುದು ನಿಲ್ಲದಿದ್ದರೆ ಅಂಗಡಿಗೆ ಹೋಗಿ. ಮೊದಲು ಫೈಲುಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಿ, ಬರೆದಿಟ್ಟ ಸಮಯಗಳನ್ನು ಮತ್ತು ಪರದೆಯ ಫೋಟೊವನ್ನು ತೋರಿಸಿ, ‘ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಬಾಯಿಬಿಟ್ಟು ಹೇಳಿ.